ದವಡೆ ಹಲ್ಲಿನಲ್ಲಿ ಅಡಗಿದ ನಾಲ್ಕನೇ ನಾಳ

ರೂಟ್ ಕೆನಾಲ್ ಚಿಕಿತ್ಸೆ ಮುಗಿದು ಹಲ್ಲಿಗೆ ಕವಚ ತೊಡಿಸಿದ ಬಳಿಕವೂ ಕೆಲವರಿಗೆ ನೋವು ಮರುಕಳಿಸುವುದುಂಟು. ಇನ್ನು ಹಲ್ಲು ಕೀಳಿಸುವುದೊಂದೇ ದಾರಿ ಎಂದು ಹಲವರು ಭಾವಿಸುತ್ತಾರೆ. ಆದರೆ ಅನೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ, ಚಿಕಿತ್ಸೆಯ ವೇಳೆ ಕಣ್ಣಿಗೆ ಬೀಳದೆ ಉಳಿದ ಒಂದು ಸೂಕ್ಷ್ಮ ನಾಳ.

ಹಲ್ಲಿನೊಳಗೆ ನರ, ರಕ್ತನಾಳಗಳಿಂದ ಕೂಡಿದ ತಿರುಳು ಇರುತ್ತದೆ. ಅದಕ್ಕೆ ಸೋಂಕು ತಗುಲಿದಾಗ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುಚಿಗೊಳಿಸಿ, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತುವಿನಿಂದ ತುಂಬುವುದೇ ಈ ಚಿಕಿತ್ಸೆ. ಒಂದು ನಾಳ ಉಳಿದುಹೋದರೂ ಅಲ್ಲಿನ ಬ್ಯಾಕ್ಟೀರಿಯಾ ಬೇರಿನ ತುದಿಯ ಮೂಳೆಗೆ ಸೋಂಕು ಹರಡಬಲ್ಲದು.

ಮೇಲ್ದವಡೆಯ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರುಗಳು. ಹೀಗಾಗಿ ಮೂರೇ ನಾಳಗಳೆಂದು ತಿಳಿಯುವುದು ಸಹಜ. ಆದರೆ ಇಂಥ ಅರ್ಧಕ್ಕೂ ಹೆಚ್ಚು ಹಲ್ಲುಗಳಲ್ಲಿ, ಕೆನ್ನೆಯ ಕಡೆಗಿರುವ ಮುಂದಿನ ಬೇರಿನಲ್ಲಿ ಎರಡನೇ ನಾಳವೂ ಇರುತ್ತದೆ. ಇದರ ಬಾಯಿ ಅತಿ ಕಿರಿದು. ಡೆಂಟಿನ್‌ನ ಪದರದಡಿ ಮರೆಯಾಗಿರುವುದೇ ಹೆಚ್ಚು.

ಕೆಳದವಡೆಯಲ್ಲೂ ವೈಚಿತ್ರ್ಯಗಳಿವೆ. ಎರಡನೇ ದವಡೆ ಹಲ್ಲಿನ ಬೇರುಗಳು ಬೆಸೆದುಕೊಂಡು, ನಾಳ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿರುವುದುಂಟು. 1979ರಲ್ಲಿ ದಂತವೈದ್ಯ ಸಾಹಿತ್ಯದಲ್ಲಿ ದಾಖಲಾದ ಈ ರಚನೆ ಚೀನಾ, ಕೊರಿಯಾ ಜನರಲ್ಲಿ ಹೆಚ್ಚು. ಮೊದಲ ದವಡೆ ಹಲ್ಲಿಗೆ ನಾಲಿಗೆಯ ಕಡೆ ಹೆಚ್ಚುವರಿ ಬೇರೊಂದು ಇರುವುದನ್ನು ಕರಾಬೆಲ್ಲಿ 1844ರಷ್ಟು ಹಿಂದೆಯೇ ವಿವರಿಸಿದ್ದರು.

ಸಾಮಾನ್ಯ ಎಕ್ಸ್‌ರೇಯಲ್ಲಿ ಒಂದರ ಹಿಂದೊಂದಿರುವ ನಾಳಗಳು ಒಂದೇ ಗೆರೆಯಾಗಿ ಕಾಣುತ್ತವೆ. ಆದ್ದರಿಂದ ಬೇರೆ ಕೋನದಿಂದ ಮತ್ತೊಂದು ಚಿತ್ರ ತೆಗೆಯುವುದು ಉಪಯುಕ್ತ. ಸಂದೇಹ ಉಳಿದರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಹಾಗೂ ಸೂಕ್ಷ್ಮದರ್ಶಕ ನೆರವಾಗುತ್ತವೆ. ‘ಸಿ’ ಆಕಾರದ ನಾಳದ ಸಂದುಗಳಿಗೆ ಉಪಕರಣ ತಲುಪದ ಕಾರಣ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆಯುವುದು ಅತಿ ಮುಖ್ಯ.

ಚಿಕಿತ್ಸೆಯ ನಂತರ ಕೆಲ ದಿನ ಸೌಮ್ಯ ನೋವು ಇರುವುದು ಸಹಜ. ನೋವು ತಗ್ಗದಿದ್ದರೆ, ಊತ ಅಥವಾ ವಸಡಿನಲ್ಲಿ ಕೀವಿನ ಗುಳ್ಳೆ ಕಂಡರೆ ವಿಳಂಬ ಸಲ್ಲದು. ಕೆಲವೊಮ್ಮೆ ನೋವಿಲ್ಲದೆಯೂ ಸೋಂಕು ಮುಂದುವರಿಯುವುದರಿಂದ ಮರುತಪಾಸಣೆ ತಪ್ಪಿಸಬಾರದು. ಉಳಿದ ನಾಳ ಪತ್ತೆಯಾದರೆ ಮರುಚಿಕಿತ್ಸೆ, ಅದು ಸಾಧ್ಯವಾಗದಿದ್ದರೆ ಬೇರಿನ ತುದಿಯ ಶಸ್ತ್ರಚಿಕಿತ್ಸೆಯಿಂದ ಹಲವು ಹಲ್ಲುಗಳನ್ನು ಉಳಿಸಿಕೊಳ್ಳಬಹುದು. ‘ನಾಳ ಯಾವುದಾದರೂ ಉಳಿದಿದೆಯೇ?’ ಎಂಬ ಪ್ರಶ್ನೆಯನ್ನು ಹಲ್ಲು ಕೀಳಿಸುವ ಮುನ್ನವೇ ದಂತವೈದ್ಯರಲ್ಲಿ ಕೇಳುವುದು ಒಳಿತು.