ಟ್ರಿಯರ್: ಶನಿವಾರಕ್ಕೆ ಸಿಗುವ ರೋಮ್

ಜರ್ಮನಿಯ ಪಶ್ಚಿಮದಂಚಿನಲ್ಲಿ, ಲಕ್ಸೆಂಬರ್ಗ್ ಗಡಿಗೆ ಹತ್ತಿರ, ಮೊಸೆಲ್ ನದಿಯ ದಂಡೆಯಲ್ಲಿದೆ ಟ್ರಿಯರ್. ಅಲ್ಲಿಂದ ಒಂದು ಗಂಟೆ ಚಿಲ್ಲರೆ ರೈಲು ದಾರಿಯಲ್ಲಿರುವುದು ಸಾರ್‌ಬ್ರೂಕೆನ್. ಕಂಪ್ಯೂಟರ್ ವಿಜ್ಞಾನಕ್ಕೆ ಹೆಸರಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳಿರುವ ಊರು. ಬೇಸಿಗೆಯ ಎರಡು ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೋಗುವ ಜಾಗಗಳಲ್ಲಿ ಇದೂ ಒಂದು.

ಅಲ್ಲಿಗೆ ಹೋದವರಿಗೆ ವಾರಾಂತ್ಯ ಬಂದರೆ ಪ್ಯಾರಿಸ್ಸಿನದೇ ಧ್ಯಾನ. ಎರಡು ದಿನ ಓಡಾಡಿ, ಸೋಮವಾರ ಬೆಳಿಗ್ಗೆ ಗೈಡ್ ಮುಂದೆ ತೂಕಡಿಸುತ್ತ ಕೂರುತ್ತಾರೆ. ಕೆಲಸವೂ ಕೆಡದೆ, ಎರಡು ಸಾವಿರ ವರ್ಷದ ಚರಿತ್ರೆಯೂ ಕೈಗೆ ಸಿಗಬೇಕಾದರೆ ನನ್ನ ಮಟ್ಟಿಗೆ ಟ್ರಿಯರ್‌ಗಿಂತ ಒಳ್ಳೆಯ ಊರಿಲ್ಲ. ಶುಕ್ರವಾರ ಸಂಜೆ ಕೋಡ್ ರನ್ ಆಗಲು ಬಿಟ್ಟು, ಅಕ್ಕಿ ಬೇಳೆ ತಂದಿಟ್ಟುಬಿಡಬೇಕು, ಏಕೆಂದರೆ ಭಾನುವಾರ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಶನಿವಾರ ಬೆಳಿಗ್ಗೆ ರೈಲು ಹತ್ತಿದರೆ ಬಹುದೂರ ಸಾರ್ ನದಿ ಜೊತೆಗೇ ಬರುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುವುದರಿಂದ ಅವಸರವಿಲ್ಲ.

ನಿಲ್ದಾಣದಿಂದ ಸ್ವಲ್ಪ ನಡೆದರೆ ಪೋರ್ಟಾ ನಿಗ್ರಾ ಎಂಬ ರೋಮನ್ನರ ಹೆಬ್ಬಾಗಿಲು. ಕಾಲ ಸುಮಾರು ಕ್ರಿ.ಶ. 170. ಮರಳುಗಲ್ಲಿನ ದೊಡ್ಡ ದೊಡ್ಡ ದಿಮ್ಮಿಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ, ಕಬ್ಬಿಣದ ಕೊಂಡಿಗಳಿಂದ ಬಿಗಿದಿದ್ದಾರೆ. ಹತ್ತಿರ ಹೋಗಿ ನೋಡಿ: ಕಲ್ಲು ಕಲ್ಲು ಕೂಡುವಲ್ಲೆಲ್ಲ ಮುಷ್ಟಿ ತೂರುವಂಥ ಗುಳಿಗಳು. ಮಧ್ಯಯುಗದಲ್ಲಿ ಕಬ್ಬಿಣದ ಆಸೆಗೆ ಜನ ಕೊಂಡಿಗಳನ್ನು ಕಿತ್ತ ಗುರುತು ಅವು. ಕೊಂಡಿ ಹೋದರೂ ಭಾರದಿಂದಲೇ ಬಾಗಿಲು ನಿಂತಿದೆ. ಕಂಬಗಳಲ್ಲಿ ಕೆಲವು ಇನ್ನೂ ಒರಟಾಗಿಯೇ ಇವೆ. ಶಿಲ್ಪಿಗಳ ಕೆಲಸ ಪೂರ್ತಿಯಾಗಲೇ ಇಲ್ಲ.

ಇಷ್ಟಾದರೂ ಉಳಿದದ್ದು ಒಬ್ಬ ಸಂನ್ಯಾಸಿಯಿಂದ. ಸಿಮಿಯೋನ್ ಎಂಬ ಗ್ರೀಕ್ ಸಾಧು ಇದರ ಗೋಪುರದೊಳಗೆ ತನ್ನನ್ನು ತಾನೇ ಮುಚ್ಚಿಸಿಕೊಂಡು ಬದುಕಿದ. 1035ರಲ್ಲಿ ಅವನು ತೀರಿಕೊಂಡ ಮೇಲೆ ಹೆಬ್ಬಾಗಿಲೇ ಇಗರ್ಜಿಯಾಯಿತು. ಉಳಿದ ರೋಮನ್ ಬಾಗಿಲುಗಳ ಕಲ್ಲು ಬೇರೆ ಕಟ್ಟಡಗಳ ಪಾಲಾದಾಗ ಇದನ್ನು ಯಾರೂ ಮುಟ್ಟಲಿಲ್ಲ. 1804ರಲ್ಲಿ ಊರಿಗೆ ಬಂದ ನೆಪೋಲಿಯನ್ ಇಗರ್ಜಿಯ ಭಾಗವನ್ನು ಕೆಡವಿಸಲು ಅಪ್ಪಣೆ ಕೊಟ್ಟ. ಅದರ ಅರ್ಧವೃತ್ತದ ಗರ್ಭಗೃಹ ಮಾತ್ರ ಪೂರ್ವದ ಪಕ್ಕಕ್ಕೆ ಅಂಟಿಕೊಂಡು ಇಂದಿಗೂ ಇದೆ.

ಟ್ರಿಯರ್‌ನ ವಿಶೇಷವೇ ಇದು. ಇಲ್ಲಿ ಹಳೆಯದು ಬೇಲಿಯೊಳಗೆ ಸುಮ್ಮನೆ ಕುಳಿತಿಲ್ಲ. ಕಾನ್‌ಸ್ಟಂಟೈನ್ ಚಕ್ರವರ್ತಿಯ ಸಿಂಹಾಸನದ ಸಭಾಂಗಣ ಇವತ್ತು ಪ್ರಾಟೆಸ್ಟಂಟ್ ಪಂಥದ ಚರ್ಚು. ಒಳಗೆ ಹೋದವರ ತಲೆ ತಾನಾಗಿ ಮೇಲೆತ್ತುತ್ತದೆ: 67 ಮೀಟರ್ ಉದ್ದ, 33 ಮೀಟರ್ ಎತ್ತರ, ನಡುವೆ ಒಂದೇ ಒಂದು ಕಂಬವಿಲ್ಲ. 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದದ್ದನ್ನು ರಿಪೇರಿ ಮಾಡುವಾಗ ಗಿಲಾವು ಬಳಿಯದೆ ಇಟ್ಟಿಗೆಯನ್ನು ಹಾಗೇ ಬಿಟ್ಟರು. ಅದು ಸರಿಯಾದ ತೀರ್ಮಾನ. ಅಲಂಕಾರವಿಲ್ಲದ ಆ ಗೋಡೆಗಳೆದುರು ಅಧಿಕಾರದ ಗಾತ್ರ ನೇರವಾಗಿ ಮೈಗೆ ತಾಕುತ್ತದೆ. ಇನ್ನು ಮೊಸೆಲ್ ಮೇಲಿನ ರೋಮನ್ ಸೇತುವೆ. ಕ್ರಿ.ಶ. ಎರಡನೇ ಶತಮಾನದ ಅದರ ಕಂಬಗಳ ಮೇಲೆ ಈಗಲೂ ವಾಹನಗಳು ಓಡಾಡುತ್ತವೆ.

ಈ ಸ್ಮಾರಕಗಳು 1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕಾರ್ಲ್ ಮಾರ್ಕ್ಸ್ 1818ರಲ್ಲಿ ಹುಟ್ಟಿದ ಮನೆಯೂ ಈ ಊರಿನಲ್ಲೇ ಇದೆ. ಆದರೆ ನಾನು ತಪ್ಪಿಸಬೇಡಿ ಎನ್ನುವುದು ರೈನ್‌ಲ್ಯಾಂಡ್ ವಸ್ತುಸಂಗ್ರಹಾಲಯವನ್ನು. 1993ರಲ್ಲಿ ಕಟ್ಟಡವೊಂದಕ್ಕೆ ನೆಲ ಅಗೆಯುವಾಗ ಸಿಕ್ಕ ರೋಮನ್ ಚಿನ್ನದ ನಾಣ್ಯಗಳು ಅಲ್ಲಿವೆ. ಎರಡೂವರೆ ಸಾವಿರಕ್ಕೂ ಹೆಚ್ಚು ನಾಣ್ಯ, ತೂಕ ಹದಿನೆಂಟೂವರೆ ಕಿಲೋ. ರೋಮನ್ ನಾಣ್ಯ ಕನ್ನಡನಾಡಿಗೂ ಹೊಸದಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಟ್ರಿಯರ್‌ಗೆ ಅಡಿಪಾಯ ಬಿದ್ದದ್ದು ಅದೇ ಅಗಸ್ಟಸ್ ಕಾಲದಲ್ಲಿ. ಈ ನಂಟು ತಿಳಿದು ಹೋದವರಿಗೆ ಆ ಗಾಜಿನ ಪೆಟ್ಟಿಗೆಯ ಚಿನ್ನ ಪರರ ಸೊತ್ತೆನಿಸುವುದಿಲ್ಲ.

ಒಂದೇ ದಿನಕ್ಕೆ ಲಕ್ಸೆಂಬರ್ಗನ್ನೂ ಸೇರಿಸಿಕೊಳ್ಳುವ ಆಸೆ ಬೇಡ. ಊರಂಚಿನ ಗುಡ್ಡದ ಇಳಿಜಾರಿನಲ್ಲಿರುವ ರಂಗಸ್ಥಳ, ಅದರ ನೆಲದಡಿಯ ಕೋಣೆಗಳು, ಸ್ನಾನಗೃಹದ ಸುರಂಗ ಮಾರ್ಗಗಳು ಇವಕ್ಕೇ ಮತ್ತೊಂದು ಶನಿವಾರ ಬೇಕು. ಬುತ್ತಿ ಕಟ್ಟಿಕೊಂಡು ಹೋದರೆ ಮಧ್ಯಾಹ್ನದ ಊಟಕ್ಕೆ ಅರಮನೆಯ ಉದ್ಯಾನದ ಹುಲ್ಲುಹಾಸು ಧಾರಾಳವಾಗಿದೆ.