ಹಗಲಲ್ಲೇ ಕರೆಂಟು ಬಂತು, ಬೋರ್‌ವೆಲ್ ಉಳಿಸ್ಕೊಳ್ಳೋದು ನಮ್ಮ ಕೈಲಿದೆ

ರಾತ್ರಿ ಒಂದೂವರೆಗೆ ಫೋನ್ ರಿಂಗಾದರೆ ನಮ್ಮನೇಲಿ ಯಾರೂ ಗಾಬರಿ ಆಗ್ತಿರಲಿಲ್ಲ. ತ್ರೀ ಫೇಸ್ ಬಂದಿದೆ, ಮೋಟರ್ ಆನ್ ಆಗಿದೆ ಅಂತ ಮೊಬೈಲ್ ಸ್ಟಾರ್ಟರ್ ಮಾಡೋ ಕರೆ ಅದು. ಅಪ್ಪ ಟಾರ್ಚ್ ಹಿಡಿದು ಗೇಟ್‌ವಾಲ್ವ್ ತಿರುಗಿಸೋಕೆ ಹೊರಡೋರು. ಒಂದು ರಾತ್ರಿ ವಾಲ್ವ್ ಪಕ್ಕದಲ್ಲೇ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಆವತ್ತಿಂದ ಅಮ್ಮನಿಗೆ ನಿದ್ದೆ ಇಲ್ಲ.

ಈಗ ನಮ್ಮ ಫೀಡರ್‌ಗೆ ಸೋಲಾರ್ ಸೇರಿದೆ. ತ್ರೀ ಫೇಸ್ ಹಗಲಲ್ಲೇ ಬರ್ತಿದೆ.

ಇದು ಪಿಎಂ ಕುಸುಮ್ ಯೋಜನೆಯ 'ಸಿ' ಭಾಗ. ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳು ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿಸಿ, ಆ ವಿದ್ಯುತ್ತನ್ನು ಅಲ್ಲಿನ ಪಂಪ್‌ಸೆಟ್ ಫೀಡರ್‌ಗೇ ಕೊಡ್ತವೆ. 2,050 ಮೆಗಾವಾಟ್‌ನ ಪಾವಗಡ ಪಾರ್ಕಿನ ಕರೆಂಟು ದೊಡ್ಡ ಲೈನಲ್ಲಿ ದೂರ ಹೋಗುತ್ತೆ. ಇದು ಹಾಗಲ್ಲ, ಹುಟ್ಟಿದ ಊರಲ್ಲೇ ಖರ್ಚಾಗುತ್ತೆ, ಲೈನಲ್ಲಿ ಸೋರಿಕೆ ಕಡಿಮೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಆ ದುಡ್ಡನ್ನು ಸರ್ಕಾರ ಕಂಪನಿಗೆ ತುಂಬಿಕೊಡುತ್ತೆ. ಹಾಗಾಗಿ ಅಗ್ಗದ ಸೋಲಾರ್ ವಿದ್ಯುತ್ತಿನಿಂದ ಅವರಿಗೂ ಲಾಭ, ನಮಗೂ ನಿದ್ದೆ.

ಆದರೆ ಮೊದಲ ಬೇಸಿಗೆಯಲ್ಲೇ ನಾನು ಎಡವಿದೆ. ಹಗಲು ಕರೆಂಟಲ್ವಾ ಅಂತ ಆಟೋ ಸ್ಟಾರ್ಟರ್ ಹಾಕಿ ಬಿಟ್ಟೆ. ಏಳು ಗಂಟೆ ಮೋಟರ್ ಓಡ್ತು. ನಿಮಿಷಕ್ಕೆ 100 ಲೀಟರ್ ಕೊಡ್ತಿದ್ದ ಬೋರ್, ಏಪ್ರಿಲ್ ಹೊತ್ತಿಗೆ 60ಕ್ಕೆ ಇಳೀತು. ಹಾರ್ಟಿಕಲ್ಚರ್ ಓದಿದವನು ನಾನು! ಆಮೇಲೆ ಕೂತು ಲೆಕ್ಕ ಹಾಕಿದೆ.

ನಮ್ಮದು ಸುಮಾರು 1,000 ಅಡಿಕೆ ಗಿಡ. ಡ್ರಿಪ್‌ನಲ್ಲಿ ಬೇಸಿಗೆಗೆ ಗಿಡಕ್ಕೆ ದಿನಕ್ಕೆ 20 ಲೀಟರ್ ಹಿಡಿದರೂ 20,000 ಲೀಟರ್ ಸಾಕು. ನಿಮಿಷಕ್ಕೆ 100 ಲೀಟರ್ ಅಂದ್ರೆ ಮೂರು ಗಂಟೆ ಇಪ್ಪತ್ತು ನಿಮಿಷ. ಉಳಿದಷ್ಟು ಹೊತ್ತು ನಾನು ಎತ್ತಿದ್ದು ಮುಂದಿನ ತಿಂಗಳ ನೀರು.

ಈಗ ನಾನು ಮಾಡ್ತಿರೋದು ಇಷ್ಟು:

• ಆಟೋ ಸ್ಟಾರ್ಟರ್ ತೆಗೆದೆ. ಎಲ್ಲರ ಮೋಟರ್ ಒಟ್ಟಿಗೆ ಸ್ಟಾರ್ಟ್ ಆದ್ರೆ ಟಿಸಿ ಸುಡುತ್ತೆ. ಮೊಬೈಲ್ ಸ್ಟಾರ್ಟರಲ್ಲಿ ಟೈಮರ್ ಇಟ್ಟಿದ್ದೀನಿ, ಡ್ರೈ ರನ್ ರಕ್ಷಣೆನೂ ಇದೆ.

• ವಾರಕ್ಕೊಮ್ಮೆ 200 ಲೀಟರ್ ಡ್ರಮ್ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಫೋನಲ್ಲೇ ಅಳೆದು ಬರೆದಿಡ್ತೀನಿ. ಹೊತ್ತು ಜಾಸ್ತಿ ಆದ್ರೆ ನೀರು ಕಡಿಮೆ ಆಗ್ತಿದೆ ಅಂತ ಅರ್ಥ.

• ತರಕಾರಿ ಮಡಿಗೆ ಉರಿಬಿಸಿಲಲ್ಲಿ ನೀರು ಬಿಡಲ್ಲ. ಮಧ್ಯಾಹ್ನ ಎತ್ತರದ ತೊಟ್ಟಿ ತುಂಬಿಸಿ, ಸಂಜೆ ಇಳಿಜಾರಲ್ಲಿ ಹರಿಸ್ತೀನಿ.

• ಗಿಡದ ಬುಡಕ್ಕೆ ಸೋಗೆ, ಒಣ ಹುಲ್ಲಿನ ಮುಚ್ಚಿಗೆ. ಹಗಲು ನೀರಾವರಿಗೆ ಇದು ಬೇಕೇ ಬೇಕು.

ನಿಮ್ಮ ಫೀಡರ್ ಪಟ್ಟಿಯಲ್ಲಿದೆಯಾ ಅಂತ ಸೆಕ್ಷನ್ ಆಫೀಸಲ್ಲಿ ವಿಚಾರಿಸಿ. ಹೊಸ ಬೋರ್ ಲೈನಿಂದ 500 ಮೀಟರ್‌ಗಿಂತ ದೂರ ಇದ್ದರೆ, ಕುಸುಮ್ 'ಬಿ'ಯಲ್ಲಿ ಸೋಲಾರ್ ಪಂಪ್ ಕೇಳಿ. ರೈತರ ಪಾಲು ಶೇ. 20.

ಅಪ್ಪ ಈಗ ರಾತ್ರಿ ಮನೇಲೇ ಇರ್ತಾರೆ. ಸೂರ್ಯ ನಾಳೆನೂ ಬರ್ತಾನೆ. ಬೋರಿನ ನೀರು ಬರಬೇಕಂದ್ರೆ ಇವತ್ತು ಮೋಟರ್ ಆಫ್ ಮಾಡೋದನ್ನ ಕಲೀಬೇಕು.