ಸಂಜೆ 7ಕ್ಕೆ ವೋಲ್ಟೇಜ್ ಎಷ್ಟಿತ್ತು? ಮಲ್ಟಿಮೀಟರೇ ಬರೆದಿಡಲಿ

ಇವತ್ತು ಒಂದು ಸನ್ನಿವೇಶದಿಂದ ಶುರು ಮಾಡೋಣ, ನಿಮ್ಮ ಮನೆಯದ್ದೇ ಅನ್ನಿಸ್ತದಾ ನೋಡಿ.

ಬಂಟ್ವಾಳ–ಮೂಡುಬಿದಿರೆ ರಸ್ತೆಯ ಸಿದ್ಧಕಟ್ಟೆ ಅಂದುಕೊಳ್ಳಿ. ಮಾರ್ಚ್ ತಿಂಗಳು, ಅಡಿಕೆ ತೋಟಕ್ಕೆ ನೀರು ಬಿಡಬೇಕು. ಸಂಜೆ 7ಕ್ಕೆ ಸಿಂಗಲ್ ಫೇಸ್ ಪಂಪಿನ ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಅಂತದೆ, ನೀರಿಲ್ಲ. ದೂರು ಕೊಟ್ಟಾಯ್ತು. ಮರುದಿನ ಬೆಳಿಗ್ಗೆ 11ಕ್ಕೆ ಲೈನ್‌ಮ್ಯಾನ್ ಬಂದು ಮೀಟರ್ ಹಿಡಿದರೆ 228 ವೋಲ್ಟ್. "ಸರಿ ಉಂಟಲ್ಲ ಮಾರಾಯ್ರೆ!"

ಇಲ್ಲಿ ಇಬ್ಬರೂ ಸುಳ್ಳು ಹೇಳ್ತಿಲ್ಲ. ನೋಡಿದ ಹೊತ್ತು ಬೇರೆ, ಅಷ್ಟೇ. ಆದರೆ ವೋಲ್ಟೇಜ್ ತೀರಾ ಇಳಿದಾಗ ಮೋಟಾರು ಹೆಚ್ಚು ಕರೆಂಟ್ ಎಳೆದು ಬಿಸಿಯಾಗ್ತದೆ, ವೈಂಡಿಂಗ್ ಸುಡ್ತದೆ. ಹಾಗಾಗಿ ಬೇಕಿರುವುದು ಒಂದು ರೀಡಿಂಗ್ ಅಲ್ಲ, ಇಡೀ ದಿನದ ದಾಖಲೆ.

ಅದಕ್ಕೆ ಮಲ್ಟಿಮೀಟರ್‌ಗೆ ಮೊದಲೇ ಮೂರು ವಿಷಯ ಹೇಳಿಡಬೇಕು: ಏನು ಅಳೆಯಬೇಕು, ಎಷ್ಟು ಹೊತ್ತಿಗೊಮ್ಮೆ, ಒಟ್ಟು ಎಷ್ಟು ಸಲ. ಇಲ್ಲಿ ಉತ್ತರ ಎಸಿ ವೋಲ್ಟೇಜ್, 5 ನಿಮಿಷಕ್ಕೊಮ್ಮೆ, 288 ಸಲ. ಅಂದರೆ ಸರಿಯಾಗಿ 24 ಗಂಟೆ.

ಎಂಜಿನಿಯರಿಂಗ್ ಲ್ಯಾಬಿನಲ್ಲಿ ಎಚ್‌ಪಿ 34401ಎ ಎಂಬ ಟೇಬಲ್ ಮೀಟರ್ ನೋಡಿರಬಹುದು. ಅದರ ಮೆಮೊರಿಯಲ್ಲಿ 512 ರೀಡಿಂಗ್ ಹಿಡಿಸ್ತದೆ. ಆಸೆಪಟ್ಟು 10 ಸೆಕೆಂಡಿಗೊಮ್ಮೆ ಅಳೆದರೆ ಒಂದೂವರೆ ಗಂಟೆಯೊಳಗೆ ಮೆಮೊರಿ ಫುಲ್! ಕಂಪ್ಯೂಟರಿನಿಂದ ಕಮಾಂಡ್ ಕೊಡುವಾಗ ‘ಇನಿಷಿಯೇಟ್’ ಅಂದರೆ ಮೀಟರ್ ಅಳೆದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ‘ಫೆಚ್’ ಅಂದಾಗ ಕೊಡುತ್ತದೆ. ‘ರೀಡ್’ ಅಂದರೆ ಮೆಮೊರಿಯಲ್ಲಿ ಇಡದೆ ನೇರ ಕಂಪ್ಯೂಟರಿಗೆ ಕಳಿಸುತ್ತದೆ. ಶುರು ಮಾಡಿದ ಸಮಯವನ್ನು ನೀವೇ ಬರೆದಿಟ್ಟುಕೊಳ್ಳಿ.

ಒಂದು ತಮಾಷೆ ಉಂಟು. ಈ ಮೀಟರ್ ಓಡುವುದೇ ಕರೆಂಟಿನಲ್ಲಿ. ಕರೆಂಟ್ ಹೋದರೆ ಇಟ್ಟುಕೊಂಡ ರೀಡಿಂಗ್ ಎಲ್ಲ ಅಳಿಸಿಹೋಗ್ತದೆ. ನಮ್ಮ ಊರಿನ ಕೆಲಸಕ್ಕೆ ಬ್ಯಾಟರಿಯಲ್ಲಿ ಓಡುವ, ಲಾಗಿಂಗ್ ಸೌಲಭ್ಯವಿರುವ ಕೈ ಮೀಟರೇ ವಾಸಿ. ಫ್ಲೂಕ್ 289 ಅಂಥದ್ದು. ಬೆಲೆ ಜಾಸ್ತಿ, ನಿಜ.

ಸಾಧಾರಣ ಮೀಟರ್ ಮಾತ್ರ ಇದೆಯಾ? ‘ಮಿನ್–ಮ್ಯಾಕ್ಸ್’ ಬಟನ್ ಇದೆಯಾ ನೋಡಿ. ಅದು ಅತಿ ಕಡಿಮೆ, ಅತಿ ಹೆಚ್ಚು ರೀಡಿಂಗನ್ನು ನೆನಪಿಟ್ಟುಕೊಳ್ಳುತ್ತದೆ. 5 ನಿಮಿಷದ ನಡುವೆ ಬಂದುಹೋಗುವ ಇಳಿತವೂ ಇದರಲ್ಲಿ ಸಿಗಬಹುದು. ಮೀಟರ್ ತಾನಾಗಿ ಆಫ್ ಆಗುವ ಸೆಟ್ಟಿಂಗ್ ಮಾತ್ರ ಮೊದಲು ತೆಗೆಯಿರಿ.

ಎಚ್ಚರಿಕೆ: ಕೆಂಪು ವೈರನ್ನು ಆಂಪಿಯರ್ ತೂತಿಗೆ ಹಾಕಿ ಲೈನಿಗೆ ಹಿಡಿದರೆ ಶಾರ್ಟ್ ಸರ್ಕ್ಯೂಟ್! ದಿನವಿಡೀ ಜೋಡಿಸಿಡುವ ಕೆಲಸವನ್ನು ವೈರ್‌ಮ್ಯಾನ್ ಕೈಯಲ್ಲೇ ಮಾಡಿಸಿ. ಮಕ್ಕಳ ಕೈಗೆ ಸಿಗದಂತೆ ಇರಲಿ.

ಕೊನೆಗೆ ರೀಡಿಂಗುಗಳ ಪಕ್ಕ ದಿನಾಂಕ, ಸಮಯ ಹಾಕಿ ಫೋನಿನ ಶೀಟಿನಲ್ಲಿ ಗ್ರಾಫ್ ಮಾಡಿ. 1956ರ ವಿದ್ಯುತ್ ನಿಯಮಗಳಲ್ಲಿ ಮನೆ ಲೈನಿಗೆ ಇಟ್ಟಿದ್ದ ಮಿತಿ ಶೇ 6ರಷ್ಟು ಹೆಚ್ಚು–ಕಡಿಮೆ. 230ಕ್ಕೆ ಲೆಕ್ಕ ಹಾಕಿದರೆ ಸುಮಾರು 216ರಿಂದ 244 ವೋಲ್ಟ್. ಆ 216ರ ಮೇಲೆ ಒಂದು ಗೆರೆ ಎಳೆಯಿರಿ. ದಿನಾ ಸಂಜೆ ಯಾವ ಹೊತ್ತಿಗೆ ಗೆರೆಯ ಕೆಳಗೆ ಬೀಳ್ತದೆ ಅಂತ ಕಣ್ಣಿಗೇ ಕಾಣ್ತದೆ. ಮೆಸ್ಕಾಂನ 1912ಕ್ಕೆ ಕರೆ ಮಾಡುವಾಗ "ವೋಲ್ಟೇಜ್ ಇಲ್ಲ" ಅನ್ನುವ ಬದಲು ಆ ಹೊತ್ತು, ಆ ಅಂಕಿ ಹೇಳಿ. ಬೆಳಿಗ್ಗೆ 11ರ ರೀಡಿಂಗ್ ಎದುರು ಇಡಲು ಆಗ ನಿಮ್ಮ ಕೈಯಲ್ಲೂ ಏನಾದರೂ ಇರ್ತದೆ.